ತಕ್ಕಡಿ ಸರಿಯಿದ್ದರೆ ಸಾಕೆ?

ಮೋಸವಿಲ್ಲದ ಜೂಜು ಎಂಬುದೊಂದು ಈಗ ನಮ್ಮ ಮಕ್ಕಳ ಮೊಬೈಲಿಗೆ ಬಂದು ಕೂತಿದೆ. ಅದರಲ್ಲಿ ದಾಳ ಉರುಳಿಸುವುದು ಕಂಪ್ಯೂಟರು. ಪಣಕ್ಕೆ ಒಡ್ಡುವುದು ಬಿಟ್‌ಕಾಯಿನ್ ಮೊದಲಾದ ಕ್ರಿಪ್ಟೋ ನಾಣ್ಯ. ಇವೆರಡಕ್ಕಿಂತ ದೊಡ್ಡ ವಿಶೇಷವೆಂದರೆ, "ನಾವು ಮೋಸ ಮಾಡಿಲ್ಲ, ಬೇಕಾದರೆ ನೀವೇ ತಾಳೆ ನೋಡಿಕೊಳ್ಳಿ" ಎಂದು ಅಡ್ಡೆಯವನೇ ಲೆಕ್ಕವನ್ನು ತೆಗೆದು ಮುಂದಿಡುತ್ತಾನೆ. ಇದಕ್ಕೆ ಅವರು ಇಟ್ಟಿರುವ ಹೆಸರು 'ಪ್ರೂವಬ್ಲಿ ಫೇರ್'. ಸಾಬೀತು ಮಾಡಿ ತೋರಿಸಬಲ್ಲ ನ್ಯಾಯ ಎಂದು ಅರ್ಥ. ಜೂಜಿನವನೂ ನ್ಯಾಯದ ಮಾತಾಡುವ ಕಾಲ ಬಂತಲ್ಲ ಎಂದು ನಗುವವರು ನಗಬಹುದು. ನನಗೆ ನಗು ಬರುವುದಿಲ್ಲ. ಏಕೆಂದರೆ ಅವನು ಹೇಳುವುದು ಬಹುಮಟ್ಟಿಗೆ ನಿಜ. ಆ ನಿಜವನ್ನೇ ಮುಂದಿಟ್ಟುಕೊಂಡು ಅವನು ನಮ್ಮ ಮನೆಗಳನ್ನು ತೊಳೆಯುತ್ತಿದ್ದಾನೆ ಎಂಬುದು ನನ್ನ ತಕರಾರು.

ಈ ತಾಳೆ ನೋಡುವ ಕ್ರಮ ಏನೆಂದು ಮೊದಲು ತಿಳಿಯೋಣ. ತಿಳಿಯದೆ ಬಯ್ಯುವುದು ಸುಲಭ, ಆದರೆ ಬಯ್ಗುಳಕ್ಕೆ ಮಕ್ಕಳು ಹೆದರುವ ಕಾಲ ಇದಲ್ಲ. ಪಬ್ಲಿಕ್ ಪರೀಕ್ಷೆಯ ದಿನ ಪ್ರಶ್ನೆಪತ್ರಿಕೆಯ ಕಟ್ಟು ಮೊಹರು ಮಾಡಿದ ಲಕೋಟೆಯಲ್ಲಿ ಬರುತ್ತದೆ. ಮೊಹರು ಒಡೆದಿಲ್ಲ ಎಂಬುದನ್ನು ಎಲ್ಲರಿಗೂ ತೋರಿಸಿ ಆಮೇಲೆ ಬಿಚ್ಚುತ್ತೇವೆ. ನಡುವೆ ಯಾರೂ ಪತ್ರಿಕೆ ಬದಲಿಸಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಇಲ್ಲಿಯೂ ಹಾಗೆಯೇ. ಆಟಕ್ಕೆ ಮೊದಲೇ ಅಡ್ಡೆಯ ಕಂಪ್ಯೂಟರು ಗುಟ್ಟಾಗಿ ಒಂದು ಅಕ್ಷರಮಾಲೆಯನ್ನು ಆರಿಸಿಟ್ಟುಕೊಳ್ಳುತ್ತದೆ. ಅದಕ್ಕೆ ಸರ್ವರ್ ಸೀಡ್ ಎನ್ನುತ್ತಾರೆ. ಗುಟ್ಟನ್ನು ತೋರಿಸುವುದಿಲ್ಲ, ಅದರ ಹೆಬ್ಬೆಟ್ಟಿನ ಗುರುತನ್ನು ಮಾತ್ರ ಮುಂಚಿತವಾಗಿ ಆಟಗಾರನ ಕೈಗೆ ಕೊಡುತ್ತದೆ. ಈ ಗುರುತಿಗೆ ಹ್ಯಾಶ್ ಎಂದು ಹೆಸರು. ಸಾಮಾನ್ಯವಾಗಿ ಅದು ಎಸ್‌ಎಚ್‌ಎ-256 ಎಂಬ ಸೂತ್ರದಿಂದ ತೆಗೆದದ್ದು, ಅಂಕಿಯೂ ಅಕ್ಷರವೂ ಸೇರಿದ 64 ಚಿಹ್ನೆಗಳ ಸಾಲು. ಗುಟ್ಟಿನಲ್ಲಿ ಒಂದೇ ಒಂದು ಅಕ್ಷರ ಬದಲಾದರೂ ಈ ಸಾಲು ಪೂರ್ತಿ ಬೇರೆಯಾಗುತ್ತದೆ. ಆಟಗಾರ ತನ್ನ ಕಡೆಯಿಂದ ಇನ್ನೊಂದು ಪದವನ್ನೋ ಅಂಕಿಯನ್ನೋ ಸೇರಿಸಬಹುದು, ಅದು ಕ್ಲೈಂಟ್ ಸೀಡ್. ಇದು ಎಷ್ಟನೆಯ ಆಟ ಎಂಬ ಕ್ರಮಸಂಖ್ಯೆಯೂ ಸೇರುತ್ತದೆ. ಮೂರನ್ನೂ ಬೆರೆಸಿ ಲೆಕ್ಕ ಹಾಕಿದಾಗ ಬರುವುದೇ ದಾಳದ ಅಂಕಿ. ಆಟಗಾರ ಸೀಡ್ ಬದಲಿಸಿಕೊಂಡಾಗ ಹಳೆಯ ಗುಟ್ಟು ಬಯಲಾಗುತ್ತದೆ. ಆಗ ಅದರ ಹೆಬ್ಬೆಟ್ಟನ್ನು ಮತ್ತೆ ತೆಗೆದು, ಮೊದಲು ಕೊಟ್ಟ ಗುರುತಿನ ಪಕ್ಕದಲ್ಲಿ ಇಟ್ಟು ನೋಡಬಹುದು. ಎರಡೂ ಒಂದೇ ಆಗಿದ್ದರೆ, ಪಣ ಕಟ್ಟಿದ ಮೇಲೆ ಅಡ್ಡೆಯವನು ದಾಳವನ್ನು ತಿರುಗಿಸಿಲ್ಲ ಎಂದು ಖಾತರಿ.

ವಿದ್ಯೆಯ ಮಟ್ಟಿಗೆ ಇದು ಜಾಣ ವಿದ್ಯೆಯೇ. ಅದನ್ನು ಹೀಗಳೆಯುವ ಅಗತ್ಯ ನನಗಿಲ್ಲ. ಆದರೆ ಮೊಹರು ಒಡೆದಿಲ್ಲ ಎಂಬುದು ಪತ್ರಿಕೆ ಬದಲಾಗಿಲ್ಲ ಎಂದಷ್ಟೇ ಹೇಳುತ್ತದೆ. ಪತ್ರಿಕೆ ಕಷ್ಟವೋ ಸುಲಭವೋ, ಅದನ್ನು ಬರೆದ ಮಗು ಪಾಸಾಗುವುದೋ ಇಲ್ಲವೋ ಎಂಬುದನ್ನು ಮೊಹರು ಹೇಳುವುದಿಲ್ಲ.

ನಮ್ಮ ಬೀದಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದಾನೆ. ಡಿಪ್ಲೊಮಾ ಮಾಡಿದ ಹುಡುಗ, ಕೆಲಸದಲ್ಲಿದ್ದಾನೆ. ತಾಯಿ ರವಿಕೆ ಹೊಲಿದು, ಸೀರೆಗೆ ಫಾಲ್ ಹಾಕಿ ಇಬ್ಬರು ಮಕ್ಕಳನ್ನು ಓದಿಸಿದವಳು. ಮಗಳ ನರ್ಸಿಂಗ್ ಫೀಸಿಗೆಂದು ಚೀಟಿ ಎತ್ತಿ ಇಟ್ಟಿದ್ದ ಹಣ ಕರಗಿದ್ದು ಗೊತ್ತಾದ ದಿನ ಮಗನನ್ನು ಕರೆದುಕೊಂಡು ನನ್ನಲ್ಲಿಗೆ ಬಂದಳು.

"ಮೇಡಂ, ನೀವಾದ್ರೂ ಇವನಿಗೆ ಒಂದು ಮಾತು ಹೇಳಿ. ಯಾರೋ ಮೋಸ ಮಾಡಿ ದುಡ್ಡು ಹೊಡೀತಿದಾರೆ ಕಣೋ ಅಂದ್ರೆ ಕೇಳೋದೇ ಇಲ್ಲ."

ಹುಡುಗ ಸಿಟ್ಟಾಗಲಿಲ್ಲ, ತಲೆ ತಗ್ಗಿಸಲೂ ಇಲ್ಲ. "ಅಮ್ಮಂಗೆ ಗೊತ್ತಾಗಲ್ಲ ಮೇಡಂ. ಮೋಸ ಇದ್ದಿದ್ರೆ ನಾನ್ಯಾಕೆ ಆಡ್ತಿದ್ದೆ? ನೀವೇ ನೋಡಿ" ಎಂದು ಮೊಬೈಲು ತೆರೆದು ಎರಡು ಸಾಲುಗಳನ್ನು ಒಂದರ ಕೆಳಗೊಂದು ತೋರಿಸಿದ. ಕನ್ನಡಕ ಹಾಕಿಕೊಂಡು ನೋಡಿದೆ. ಮೊದಲಿನಿಂದ ಕೊನೆಯವರೆಗೆ 64 ಚಿಹ್ನೆಗಳೂ ಹೊಂದಿದವು. ಪಾಪ, ತಾಯಿಯ ಬಾಯಿ ಕಟ್ಟಿತು. ಅವಳ ಹತ್ತಿರ ಇದ್ದದ್ದು 'ಮೋಸ' ಎಂಬ ಒಂದೇ ಆಯುಧ. ಅದನ್ನು ಮಗ ಅವಳ ಕಣ್ಣೆದುರೇ ಕಿತ್ತುಕೊಂಡಿದ್ದ.

"ಸರಿಯಪ್ಪ, ಹೊಂದಿದೆ. ಇಲ್ಲಿತನಕ ಎಷ್ಟು ಹೋಗಿದೆ?" ಎಂದು ಕೇಳಿದೆ.

"ಅದು ಬೇರೆ ವಿಷಯ ಮೇಡಂ" ಎಂದ.

ಅದು ಬೇರೆ ವಿಷಯ! ಈ ಮಾತನ್ನು ಅವನಿಗೆ ಕಲಿಸಿದವರು ಯಾರು? ಈ ತಾಳೆ ನೋಡುವ ಆಟವೇ ಕಲಿಸಿದ್ದು. ದಾಳ ಸರಿಯಿದೆಯೇ ಎಂಬುದು ಒಂದು ವಿಷಯ, ದುಡ್ಡು ಹೋಯಿತೇ ಎಂಬುದು ಬೇರೆ ವಿಷಯ ಎಂದು ಬೇರೆ ಬೇರೆ ಮಾಡಿ, ಮೊದಲನೆಯದರ ಮೇಲೆ ದೀಪ ಹಿಡಿದು ಎರಡನೆಯದನ್ನು ಕತ್ತಲೆಯಲ್ಲಿ ಬಿಟ್ಟಿದ್ದಾರೆ. ಓದಿದ ಹುಡುಗರು ದೀಪವಿದ್ದ ಕಡೆ ನೋಡುತ್ತಾರೆ.

ಆ ಕತ್ತಲೆಯ ಕಡೆ ನಾವು ನೋಡೋಣ. ನಾನು ಬಿ.ಎ. ಓದಿದವಳು, ಸಮಾಜ ವಿಜ್ಞಾನ ಪಾಠ ಮಾಡುವವಳು, ದೊಡ್ಡ ಗಣಿತ ನನಗೆ ಬಾರದು. ಇಲ್ಲಿ ಅದು ಬೇಕಾಗಿಯೂ ಇಲ್ಲ, ಮಿಡ್ಲ್ ಸ್ಕೂಲಿನ ಶೇಕಡಾ ಲೆಕ್ಕ ಸಾಕು. ಈ ದಾಳದ ಆಟದಲ್ಲಿ ಸಾಮಾನ್ಯವಾಗಿ ಕಾಣುವ ಪಣ ಹೀಗಿರುತ್ತದೆ: ಗೆದ್ದರೆ ಹಾಕಿದ್ದರ ಎರಡರಷ್ಟು, ಗೆಲ್ಲುವ ಸಂಭವ ಶೇಕಡಾ 49.5. ಐವತ್ತಲ್ಲ, ನಲವತ್ತೊಂಬತ್ತೂವರೆ. ಆ ಅರ್ಧ ಅಂಕಿಯಲ್ಲಿ ಅಡ್ಡೆಯ ಅನ್ನವಿದೆ. ನೂರು ರೂಪಾಯಿಯಂತೆ ನೂರು ಸಲ ಆಡಿದರೆ ಹಾಕಿದ್ದು 10,000. ಸರಾಸರಿಯಲ್ಲಿ ತಿರುಗಿ ಬರುವುದು 9,900. ನೂರಕ್ಕೆ ಒಂದು ರೂಪಾಯಿ ಅಡ್ಡೆಯ ಪಾಲು. ಇದನ್ನು ಅವರು ಮುಚ್ಚಿಡುವುದೂ ಇಲ್ಲ, 'ಹೌಸ್ ಎಡ್ಜ್ ಒಂದೇ ಪರ್ಸೆಂಟ್' ಎಂದು ಜಂಬದಿಂದ ಬರೆದುಕೊಳ್ಳುತ್ತಾರೆ.

ಒಂದು ಪರ್ಸೆಂಟು ಯಾವ ಮಹಾ ಎನ್ನಿಸುತ್ತದೆ. ಚಿನ್ನದಂಗಡಿಯಲ್ಲಿ ವೇಸ್ಟೇಜಿಗೆ ನಾವು ಇದಕ್ಕಿಂತ ಎಷ್ಟೋ ಹೆಚ್ಚು ಕೊಟ್ಟು ಬರುತ್ತೇವೆ. ಆದರೆ ಒಂದು ಸರವನ್ನು ನಾವು ಒಂದು ಸಲ ಕೊಳ್ಳುತ್ತೇವೆ. ಅದೇ ಸರವನ್ನು ಮಿನಿಟಿಗೆ ಹತ್ತು ಸಲ ಮಾರಿ, ಹತ್ತು ಸಲ ಕೊಂಡು, ಪ್ರತಿ ಸಲವೂ ವೇಸ್ಟೇಜು ಕಟ್ಟುತ್ತಾ ಕೂತರೆ ಸರ ಎಷ್ಟು ದಿನ ಉಳಿದೀತು? ಈ ಆಟದಲ್ಲಿ ನಡೆಯುವುದು ಅದೇ. ಮಿನಿಟಿಗೆ ಹತ್ತು ಸಲ ಎಂದರೆ ಗಂಟೆಗೆ 600 ಆಟ. ನೂರು ರೂಪಾಯಿಯ ಪಣವಾದರೆ ಗಂಟೆಗೆ ಸರಾಸರಿ 600 ರೂಪಾಯಿ ನಷ್ಟ. ಯಂತ್ರವೇ ತಾನಾಗಿ ಆಡುವ ಆಟೋ ಗುಂಡಿ ಒತ್ತಿದರೆ ಇನ್ನೂ ಬೇಗ. ಹನಿಗೂಡಿದರೆ ಹಳ್ಳ ಎಂದು ನಮ್ಮ ಹಿರಿಯರು ಉಳಿತಾಯಕ್ಕೆ ಹೇಳಿದ ಮಾತನ್ನು ಇವರು ಸೋಲಿಗೆ ಅನ್ವಯಿಸಿದ್ದಾರೆ.

"ನಾನು ಸೋತಾಗ ಪಣ ಎರಡರಷ್ಟು ಮಾಡ್ತೀನಿ, ಒಂದು ಸಲ ಗೆದ್ರೆ ಎಲ್ಲ ವಾಪಸ್" ಎಂಬುದು ಹುಡುಗರ ಇನ್ನೊಂದು ಜಾಣ್ಮೆ. ಇದಕ್ಕೂ ಲೆಕ್ಕವಿದೆ. ನೂರರಿಂದ ಶುರು ಮಾಡಿ ಸತತವಾಗಿ ಹತ್ತು ಸಲ ಸೋತರೆ ಹೋಗಿದ್ದು 1,02,300 ರೂಪಾಯಿ. ಹನ್ನೊಂದನೆಯ ಪಣ 1,02,400. ಅದನ್ನು ಗೆದ್ದರೂ ಕೈಗೆ ಉಳಿಯುವ ಲಾಭ ಬರೀ ನೂರು! ಹತ್ತು ಸಲ ಸಾಲಾಗಿ ಸೋಲುವುದು ಎಲ್ಲೋ ಸಾವಿರಕ್ಕೊಮ್ಮೆ ಎನ್ನುತ್ತಾರೆ. ಹೌದು, ಹೆಚ್ಚು ಕಡಿಮೆ ಅಷ್ಟೇ. ಆದರೆ ಗಂಟೆಗೆ 600 ಆಟವಾಡುವವನಿಗೆ ಸಾವಿರ ಎಷ್ಟು ದೂರ? ಮೂರು ಗಂಟೆ ಕೂತರೆ ಆ ಸೋಲಿನ ಸಾಲು ಬಾರದಿರುವುದಕ್ಕಿಂತ ಬರುವ ಸಂಭವವೇ ಹೆಚ್ಚು. ಗಮನಿಸಿ, ಇದೆಲ್ಲ ದಾಳ ನೂರಕ್ಕೆ ನೂರು ಪ್ರಾಮಾಣಿಕವಾಗಿದ್ದಾಗಿನ ಲೆಕ್ಕ. ದಾಳ ಪ್ರಾಮಾಣಿಕವಾಗಿದ್ದಷ್ಟೂ ಈ ಲೆಕ್ಕ ಗ್ಯಾರಂಟಿ. ಮೋಸ ಮಾಡುವ ಅಗತ್ಯ ಅಡ್ಡೆಯವನಿಗೆ ಎಲ್ಲಿದೆ?

ಇದಕ್ಕೆ ಸಾಕ್ಷಿ ಬೇಕೆಂದರೆ ಸತೋಶಿ ಡೈಸ್ ಎಂಬ ಆಟದ ಕತೆ ಕೇಳಿ. ಬಿಟ್‌ಕಾಯಿನ್ ಹುಟ್ಟಿದ್ದು 2009ರಲ್ಲಿ. ಮೂರೇ ವರ್ಷಕ್ಕೆ, 2012ರಲ್ಲಿ, ಎರಿಕ್ ವೂರ್‌ಹೀಸ್ ಎಂಬ ಅಮೆರಿಕದವನು ಈ ಆಟ ತೆರೆದ. ಗುಟ್ಟಿನ ಹೆಬ್ಬೆಟ್ಟುಗಳನ್ನು ಮೊದಲೇ ಪ್ರಕಟಿಸಿ, ಯಾರು ಬೇಕಾದರೂ ತಾಳೆ ನೋಡಿ ಎಂದು ಹೇಳಿದ ಮೊದಮೊದಲ ಅಡ್ಡೆಗಳಲ್ಲಿ ಇದೂ ಒಂದು. ಜನ ಮುಗಿಬಿದ್ದರು. ಇಡೀ ಬಿಟ್‌ಕಾಯಿನ್ ಜಾಲದ ವ್ಯವಹಾರಗಳಲ್ಲಿ, ಎಣಿಕೆಯ ಲೆಕ್ಕದಲ್ಲಿ, ಅರ್ಧಕ್ಕೂ ಹೆಚ್ಚು ಈ ಒಂದೇ ಆಟದವಾಗಿದ್ದ ಕಾಲವಿತ್ತು. ಅಡ್ಡೆಯ ಪಾಲು ಶೇಕಡಾ 1.9 ಮಾತ್ರ. 2013ರ ಜುಲೈಯಲ್ಲಿ ಇದು 1,26,315 ಬಿಟ್‌ಕಾಯಿನ್‌ಗಳಿಗೆ ಮಾರಾಟವಾಯಿತು. ಆಗಿನ ಬೆಲೆಯಲ್ಲಿಯೇ ಅದು ಒಂದು ಕೋಟಿ ಡಾಲರಿಗೂ ಹೆಚ್ಚು. ದಾಳವನ್ನು ತಿರುಗಿಸದೆ, ಗುರುತುಗಳೆಲ್ಲ ತಾಳೆಯಾಗುವಂತೆ ಇಟ್ಟುಕೊಂಡೇ, ಒಂದೂವರೆ ವರ್ಷ ತುಂಬುವ ಮೊದಲೇ ಬಂದ ಬೆಲೆ ಅದು.

ಇದು ಕಂಪ್ಯೂಟರ್ ಕಾಲದ ಹೊಸ ಉಪಾಯವೆಂದೂ ತಿಳಿಯಬೇಡಿ. ನಮ್ಮ ಕಡೆ ಓಸಿ ಎಂದು ಕರೆಯುವ ಮಟಕಾದ ಮೂಲವೂ ಇದೇ. ಬೊಂಬಾಯಿಯಲ್ಲಿ ಮೊದಲು ಜನ ಪಣ ಕಟ್ಟುತ್ತಿದ್ದದ್ದು ನ್ಯೂಯಾರ್ಕಿನ ಹತ್ತಿಪೇಟೆಯಿಂದ ಟೆಲಿಪ್ರಿಂಟರಿನಲ್ಲಿ ಬರುವ ಹತ್ತಿಯ ಧಾರಣೆಯ ಅಂಕಿಗಳ ಮೇಲೆ. ಬೊಂಬಾಯಿಯ ಯಾವ ಬುಕ್ಕಿಯ ಕೈಯೂ ನ್ಯೂಯಾರ್ಕಿನವರೆಗೆ ಚಾಚದು. ಹೀಗಾಗಿ ಅಂಕಿಯಲ್ಲಿ ಮೋಸವಿಲ್ಲ ಎಂಬ ಭರವಸೆ. 1960ರ ದಶಕದ ಆರಂಭದಲ್ಲಿ ಆ ಅಂಕಿಗಳು ಬರುವುದು ನಿಂತ ಮೇಲೆ ಮಡಕೆಯಿಂದ ಚೀಟಿ ಎತ್ತುವುದು ಶುರುವಾಯಿತು, ಆಮೇಲೆ ಇಸ್ಪೀಟಿನ ಎಲೆ ಬಂತು. ಹತ್ತಿಯ ಅಂಕಿ ಶುದ್ಧವಾಗಿದ್ದ ಕಾಲದಲ್ಲೂ ಗಿರಣಿ ಕೂಲಿಕಾರನ ಸಂಬಳ ಮನೆ ಮುಟ್ಟಲಿಲ್ಲ. ನಮ್ಮ ರಾಜ್ಯದಲ್ಲಿ 2007ರಲ್ಲಿ ಲಾಟರಿ ನಿಂತಾಗ ನಿಟ್ಟುಸಿರು ಬಿಟ್ಟ ಹೆಂಗಸರನ್ನು ನಾನು ಬಲ್ಲೆ. ಡ್ರಾ ಎತ್ತುವವನ ಕೈ ಶುದ್ಧವೇ ಎಂಬ ಚಿಂತೆ ಅವರಲ್ಲಿ ಒಬ್ಬಳಿಗೂ ಇರಲಿಲ್ಲ. ಶನಿವಾರದ ಬಟವಾಡೆ ಮನೆಗೆ ಬಂತೇ ಎಂಬುದೊಂದೇ ಚಿಂತೆ. ಅವರು ಯಾರೂ ಹ್ಯಾಶ್ ಓದಿದವರಲ್ಲ, ಆದರೂ ಯಾವುದನ್ನು ತಾಳೆ ನೋಡಬೇಕೆಂದು ಅವರಿಗೆ ಗೊತ್ತಿತ್ತು.

ಇನ್ನು ಈ ಹೆಬ್ಬೆಟ್ಟಿನ ಗುರುತು ಹೇಳದೆ ಬಿಡುವ ಸಂಗತಿಗಳನ್ನು ನೋಡಿ. ಗೆದ್ದ ಹಣವನ್ನು ಅವರು ಕೊಡುತ್ತಾರೆಯೇ? ಗುರುತು ಹೇಳುವುದಿಲ್ಲ. ಹಣ ಕೇಳಿದಾಗ 'ದಾಖಲೆ ಕಳಿಸಿ' ಎಂದು ತಡೆದರೆ? ಹೇಳುವುದಿಲ್ಲ. ಬೋನಸ್ ಎಂದು ಕೊಟ್ಟದ್ದನ್ನು ಕೈಗೆ ತೆಗೆದುಕೊಳ್ಳುವ ಮೊದಲು ಎಷ್ಟು ಪಟ್ಟು ಆಡಿ ಮುಗಿಸಬೇಕು ಎಂಬ ಷರತ್ತು? ಅದೂ ಇಲ್ಲ. ಒಂದೇ ಅಡ್ಡೆಯಲ್ಲಿ ದಾಳಕ್ಕೆ ಈ ಪರೀಕ್ಷೆ ಇದ್ದು, ಪಕ್ಕದಲ್ಲೇ ಇರುವ ಅಂದರ್ ಬಾಹರ್‌ಗೋ ತಿರುಗುವ ಚಕ್ರಕ್ಕೋ ಇರದಿರಬಹುದು. ಹೊಸ್ತಿಲ ಮೇಲಿನ ರಂಗೋಲಿ ನೋಡಿ ಇಡೀ ಮನೆ ಶುದ್ಧವೆಂದುಕೊಳ್ಳುವ ಹಾಗೆ ಹುಡುಗರು ಎಲ್ಲಕ್ಕೂ ಅದೇ ಖಾತರಿ ಎಂದುಕೊಳ್ಳುತ್ತಾರೆ. ತಾಳೆ ನೋಡುವ ಯಂತ್ರವನ್ನೂ ಹಲವು ಸಲ ಅಡ್ಡೆಯವನೇ ಒದಗಿಸಿರುತ್ತಾನೆ. ಅಂಗಡಿಯವನ ಬಟ್ಟನ್ನು ಅಂಗಡಿಯವನ ತಕ್ಕಡಿಯಲ್ಲೇ ತೂಗಿದ ಹಾಗೆ!

ನ್ಯಾಯ ಕೇಳಲು ಹೋಗಬೇಕೆಂದರೆ ಎಲ್ಲಿಗೆ? ಇಂಥ ಅಡ್ಡೆಗಳಲ್ಲಿ ಹಲವಕ್ಕೆ ಪರವಾನಗಿ ಸಿಕ್ಕಿರುವುದು ಕೆರಿಬಿಯನ್ ಸಮುದ್ರದ ಕ್ಯುರಸಾವ್ ಎಂಬ ದ್ವೀಪದಲ್ಲಿ. ವಿಸ್ತೀರ್ಣ 444 ಚದರ ಕಿಲೋಮೀಟರು, ಜನಸಂಖ್ಯೆ ಸುಮಾರು ಒಂದೂವರೆ ಲಕ್ಷ, ನೆದರ್ಲೆಂಡ್ಸ್ ರಾಜ್ಯಕ್ಕೆ ಸೇರಿದ್ದು. ತಾಲೂಕು ಕಚೇರಿಗೆ ಹೋಗಲು ಬಸ್ಸಿಗೆ ಕಾಯುವ ಹೆಂಗಸು ಕ್ಯುರಸಾವ್‌ಗೆ ಅರ್ಜಿ ಕೊಡಲು ಹೋಗುತ್ತಾಳೆಯೇ? ಕ್ರಿಪ್ಟೋ ನಾಣ್ಯಕ್ಕೆ ಇನ್ನೊಂದು ಗುಣವಿದೆ. ಒಮ್ಮೆ ಕಳಿಸಿದರೆ ಬ್ಯಾಂಕಿಗೆ ಹೇಳಿ ವಾಪಸು ತರಿಸುವ ದಾರಿಯಿಲ್ಲ. ಮನೆಯ ಪಾಸ್‌ಬುಕ್ಕಿನಲ್ಲಿ ಜೂಜಿನ ಹೆಸರೂ ಕಾಣುವುದಿಲ್ಲ. ನಾಣ್ಯ ಮಾರುವ ಕಂಪನಿಯ ಹೆಸರೋ, ಯಾರೋ ಅಪರಿಚಿತನಿಗೆ ಯುಪಿಐ ಮಾಡಿದ್ದೋ ಇರುತ್ತದೆ. ಹೆಂಡತಿ ಪಾಸ್‌ಬುಕ್ ತಿರುವಿದರೂ ಏನೂ ತಿಳಿಯದು. ಆಟಗಾರನಿಗೆ 64 ಚಿಹ್ನೆಗಳ ಸಾಕ್ಷಿ ಕೊಡುವ ಈ ವ್ಯವಸ್ಥೆ, ಆ ದುಡ್ಡಿಗೆ ಹಕ್ಕುದಾರರಾದ ಮನೆಯವರಿಗೆ ಒಂದು ಚಿಹ್ನೆಯನ್ನೂ ಕೊಡುವುದಿಲ್ಲ.

ನಮ್ಮ ಕಾನೂನು ಕೂಡ ಬಹಳ ಕಾಲ ಬೇರೆಯೇ ಪ್ರಶ್ನೆಯ ಸುತ್ತ ತಿರುಗಿತು. ಆಟದಲ್ಲಿ ಇರುವುದು ಕೌಶಲವೋ ಅದೃಷ್ಟವೋ ಎಂಬುದು ಆ ಪ್ರಶ್ನೆ. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿ 14ರಂದು ನಮ್ಮ ಹೈಕೋರ್ಟು ಆ ನಿಷೇಧದ ಕಲಮುಗಳನ್ನು ರದ್ದು ಮಾಡಿತು. ಕೊನೆಗೆ 2025ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಆಟಗಳ ಬಗ್ಗೆ ಕಾನೂನು ಮಾಡಿತು. ಆಗಸ್ಟ್ 22ರಂದು ಅದಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಕೌಶಲವಿರಲಿ ಅದೃಷ್ಟವಿರಲಿ, ಹಣ ಕಟ್ಟಿ ಹಣ ಗೆಲ್ಲುವ ಆಟವಾದರೆ ಅದನ್ನು ನಡೆಸಕೂಡದು ಎಂಬುದು ಅದರ ಸಾರ. ನಡೆಸಿದವರಿಗೆ ಮೂರು ವರ್ಷದವರೆಗೆ ಸೆರೆವಾಸ, ಒಂದು ಕೋಟಿ ರೂಪಾಯಿಯವರೆಗೆ ದಂಡ. ಆಡಿದವನಿಗೆ ಶಿಕ್ಷೆಯಿಲ್ಲ. ಕಡಲಾಚೆಯ ಅಡ್ಡೆಯವನ ಕೈಗೆ ಈ ಕಾನೂನು ಕೋಳ ತೊಡಿಸೀತೇ ಎಂದು ಕೇಳುವವರ ಸಂದೇಹ ನ್ಯಾಯವಾದದ್ದೇ. ಆದರೂ ಒಂದು ಮಾತಿಗೆ ನಾನು ಅದನ್ನು ಮೆಚ್ಚುತ್ತೇನೆ. ಅದು ಪ್ರಶ್ನೆಯನ್ನು ಬದಲಿಸಿತು. ದಾಳ ಹೇಗೆ ಬಿದ್ದಿತು ಎನ್ನುವುದನ್ನು ಬಿಟ್ಟು ದುಡ್ಡು ಎಲ್ಲಿಗೆ ಹೋಯಿತು ಎಂದು ಕೇಳಿತು.

ಈ ಪ್ರಶ್ನೆ ಬದಲಿಸುವ ಕೆಲಸವನ್ನು ಬಹಳ ಹಿಂದೆಯೇ ಒಬ್ಬ ಹೆಣ್ಣುಮಗಳು ಮಾಡಿದ್ದಳು. ಶಕುನಿಯ ದಾಳದಲ್ಲಿ ಕಪಟವಿತ್ತು ಎಂದು ಹರಿಕಥೆಯಿಂದ ಹಿಡಿದು ಟಿ.ವಿ. ಧಾರಾವಾಹಿಯವರೆಗೆ ನಾವು ಕೇಳಿದ್ದೇವೆ. ದಾಳ ಸರಿಯಿದ್ದಿದ್ದರೆ ಎಲ್ಲ ಸರಿಹೋಗುತ್ತಿತ್ತು ಎಂಬಂತೆ ಶಕುನಿಯನ್ನು ಬಯ್ದು ಸುಮ್ಮನಾಗುತ್ತೇವೆ. ಸಭೆಗೆ ಎಳೆತಂದ ದ್ರೌಪದಿ ಮಾತ್ರ ದಾಳವನ್ನು ಹಿಡಿದು ಪ್ರಶ್ನೆ ಕೇಳಲಿಲ್ಲ. ಧರ್ಮರಾಯ ಮೊದಲು ಸೋತದ್ದು ತನ್ನನ್ನೋ, ನನ್ನನ್ನೋ ಎಂದು ಕೇಳಿದಳು. ತನ್ನನ್ನೇ ಕಳೆದುಕೊಂಡವನಿಗೆ ಇನ್ನೊಬ್ಬರನ್ನು ಪಣಕ್ಕೆ ಒಡ್ಡುವ ಹಕ್ಕು ಎಲ್ಲಿಂದ ಬಂತು ಎಂಬುದು ಅದರ ಅರ್ಥ. ಭೀಷ್ಮನೂ ಅದಕ್ಕೆ ನೇರ ಉತ್ತರ ಕೊಡಲಾಗದೆ ತಡವರಿಸಿದ. ಆ ದಿನ ಶಕುನಿಯ ದಾಳವನ್ನು ಸಾವಿರ ಸಲ ತಾಳೆ ನೋಡಿ ಶುದ್ಧವೆಂದು ಸಾಬೀತು ಮಾಡಿದ್ದರೂ ಅವಳ ಪ್ರಶ್ನೆಗೆ ಉತ್ತರ ಸಿಗುತ್ತಿರಲಿಲ್ಲ.

ಆದ್ದರಿಂದ ಅಕ್ಕ ತಂಗಿಯರಲ್ಲಿ ನನ್ನದೊಂದು ಮನವಿ. ಮಗನೋ ಗಂಡನೋ ತಮ್ಮನೋ ಈ ಆಟಕ್ಕೆ ಬಿದ್ದಿದ್ದಾನೆ ಎಂದು ತಿಳಿದಾಗ 'ಮೋಸ, ಮೋಸ' ಎಂದು ಕೂಗಬೇಡಿ. ಆ ವಾದದಲ್ಲಿ ಅವನೇ ಗೆಲ್ಲುತ್ತಾನೆ. ಗೆದ್ದ ಹುಮ್ಮಸ್ಸಿನಲ್ಲಿ ಮತ್ತೆ ಆಡುತ್ತಾನೆ. "ಮೋಸ ಇಲ್ಲ ಅಂತಲೇ ಇಟ್ಟುಕೋ. ಮೋಸವಿಲ್ಲದ ಈ ಲೆಕ್ಕದಲ್ಲಿ ನೂರಕ್ಕೆ ಎಷ್ಟು ಅವರಿಗೆ? ದಿನಕ್ಕೆ ಎಷ್ಟು ನೂರು ಆಡುತ್ತೀ? ಈ ತಿಂಗಳು ಹಾಕಿದ್ದೆಷ್ಟು, ತೆಗೆದದ್ದೆಷ್ಟು? ಒಂದು ಹಾಳೆಯಲ್ಲಿ ಬರಿ" ಎಂದು ಕೇಳಿ. ಎರಡು ಸಾಲು ತಾಳೆ ನೋಡುವುದು ಅವನಿಗೆ ಚೆನ್ನಾಗಿ ಗೊತ್ತಲ್ಲ, ಈ ಎರಡು ಸಾಲನ್ನೂ ತಾಳೆ ನೋಡಲಿ. ಅದಾದ ಮೇಲೆ ಕೇಳಿ: ಒಡ್ಡಿದ್ದು ಯಾರ ದುಡ್ಡು? ಸಂಘದಿಂದ ತೆಗೆದ ಸಾಲವೇ, ಗಿರವಿ ಇಟ್ಟ ಬಳೆಯೇ, ತಂಗಿಯ ಫೀಸೇ? ಅವರ ಒಪ್ಪಿಗೆ ಕೇಳಿದ್ದೆಯಾ?

ಕೇಳಿದ ಮೇಲೂ ಬಿಡಲಾರದೆ ಒದ್ದಾಡುವವರಿದ್ದಾರೆ. ಅದು ಹಟವಲ್ಲ, ಕಾಯಿಲೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ಜೂಜಿನ ಗೀಳಿಗೆ ಹೆಸರಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲು, ಇಂಟರ್ನೆಟ್ಟುಗಳ ಗೀಳಿಗೆಂದೇ 2014ರಿಂದ 'ಶಟ್' ಎಂಬ ಕ್ಲಿನಿಕ್ ನಡೆದಿದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ಆಡಿದವನಿಗೆ ಶಿಕ್ಷೆಯಿಲ್ಲವೆಂದು ಕಾನೂನೇ ಹೇಳಿರುವಾಗ ಮರ್ಯಾದೆಗೆ ಅಂಜಿ ಬಾಯಿ ಮುಚ್ಚಿಕೊಳ್ಳಬೇಕಾಗಿಲ್ಲ.

ಸಂತೆಯಲ್ಲಿ ತರಕಾರಿ ಕೊಳ್ಳುವಾಗ ನಾವು ತಕ್ಕಡಿಯ ಮುಳ್ಳನ್ನು ನೋಡುತ್ತೇವೆ, ನೋಡಲೇಬೇಕು. ಆದರೆ ತಕ್ಕಡಿ ಸರಿಯಿದೆ ಎಂಬ ಒಂದೇ ಕಾರಣಕ್ಕೆ ಕೊಳೆತ ಬದನೆಕಾಯಿಯನ್ನು ಚೀಲಕ್ಕೆ ಹಾಕಿಸಿಕೊಂಡು ಬಂದವಳನ್ನು ನಾನು ಇದುವರೆಗೆ ಕಂಡಿಲ್ಲ. ಅಷ್ಟು ವಿವೇಕ ನಮ್ಮ ಕೈಚೀಲದಲ್ಲಿ ಯಾವತ್ತೂ ಇದೆ. ಅದನ್ನು ಮಕ್ಕಳ ಮೊಬೈಲಿನ ಮುಂದೆಯೂ ಧೈರ್ಯವಾಗಿ ಹೊರಗೆ ತೆಗೆಯೋಣ.